ನಕ್ಷೆಯಲ್ಲಿಲ್ಲದ ಮೋರಿ

ಮೈಲೂರು ದಾಟಿ, ಕೆಂಪು ಕಲ್ಲಿನ ಕ್ವಾರಿ ದಾಟಿ
ಆಟೋ ನಿಂತದ್ದು ಕೋಠಿಯ ಕಮಾನಿನೆದುರು.
ಟಿಕೆಟು ಇಪ್ಪತ್ತು ರೂಪಾಯಿ.
ದೊಡ್ಡವ್ವ ಚೌಕಾಸಿಗಿಳಿದಳು:
'ನಾ ಇಲ್ಲಿ ಮೂರು ವರ್ಷ ಕಳಿ ಕಿತ್ತೀನಿ, ಅದರ ಲೆಕ್ಕ ಹಿಡಿ.'

ಗೈಡು ಫಯಾಜುದ್ದೀನ, ಇಸ್ತ್ರಿ ಮುರಿಯದ ಅಂಗಿ,
ನಕ್ಷೆಯ ಮೇಲೆ ಬೆರಳಿಟ್ಟು ತೋಟವನ್ನು ನಾಲ್ಕಾಗಿ ಮಡಚಿದ.
ನಾಲ್ಕು ಕಾಲುವೆ, ನಡುವೆ ಎಂಟು ಮೂಲೆಯ ಹೌಜು,
ಇಳಿಯುವ ನೀರಿನ ಹಿಂದೆ ಗೂಡುಗಳ ಸಾಲು;
ರಾತ್ರಿ ಅಲ್ಲಿ ಹಣತೆ ಇಟ್ಟರೆ
ಬೆಳಕು ಒದ್ದೆಯಾಗಿ ಬೀಳುತ್ತಿತ್ತಂತೆ.
'ಈ ಸೀಮೆಯ ತೋಟಗಳೆಲ್ಲ ಇದನ್ನ ನೋಡಿ ಕಲಿತವು, ಮೇಡಂ.
ಇದರ ಪ್ರಭಾವ ಹುಮನಾಬಾದಿನ ತನಕ.'

ಗೂಡಿನಲ್ಲೀಗ ಪಾರಿವಾಳದ ಹಿಕ್ಕೆ, ಒಂದು ಗುಟ್ಕಾ ಚೀಟಿ.

ದೊಡ್ಡವ್ವ ಅದೇನೂ ಕೇಳಿಸಿಕೊಳ್ಳಲಿಲ್ಲ.
ಸೀರೆ ಎತ್ತಿ ಕಟ್ಟಿ, ಪಡುವಣ ಗೋಡೆಗುಂಟ
ತಡವುತ್ತ ಹೊರಟಳು,
ಬಿದ್ದ ಮೂಗುಬಟ್ಟು ಹುಡುಕುವವಳ ಹಾಗೆ.
'ಇಲ್ಲೇ ಇತ್ತು ನೋಡು. ನನ್ನ ತೋಳು ಹೋಗೂವಷ್ಟು ಮೋರಿ.'

ಆಚೆ ಕೂತಿರುತ್ತಿದ್ದಳಂತೆ ತಕ್ಯಾದ ಓಣಿಯ ಖಾಜಾಬಿ,
ಉಡಿಯೊಡ್ಡಿ, ಎಮ್ಮೆ ಕಾಯುವ ನೆಪದಲ್ಲಿ.
ಒದ್ದೆ ಅರಿವೆ ಸುತ್ತಿದ ಅಂಜೂರದ ತುಂಡು, ಅನಾರಿನ ಕಡ್ಡಿ,
ಒಮ್ಮೆ, ಕಾಬೂಲಿನದೆಂದು ಕಾವಲಿಟ್ಟಿದ್ದ
ಬಿಳಿ ಗುಲಾಬಿಯ ಟೊಂಗೆ.
ಮುಳ್ಳು ಗೀರಿದ ಗೆರೆ ಇನ್ನೂ ಇದೆ, ಮೊಣಕೈ ಕೆಳಗೆ.
ಸಿಕ್ಕಿಬಿದ್ದ ದಿನ ಮಾಲಿ ಝರೆಪ್ಪ ಬೈಯಲಿಲ್ಲ.
'ಓರೆ ಕೊಯ್ಯಬೇಕು, ಹುಚ್ಚಿ, ಇಲ್ಲಾಂದ್ರ ಬೇರು ಒಡೆಯಂಗಿಲ್ಲ'
ಅಂತ ಕುಡುಗೋಲು ತಾನೇ ಹಿಡಿದು ತೋರಿಸಿದ.

ಹಂಗ ಹೋಯ್ತು ತೋಟ, ತೋಳಿನುದ್ದ ತೋಳಿನುದ್ದ,
ಹಿತ್ತಲಿಗೆ, ಬಚ್ಚಲ ನೀರಿಗೆ, ಒಡಕು ಕೊಡಕ್ಕೆ.

ಮೋರಿಗೆ ಸಿಮೆಂಟು ಬಡಿದಿದ್ದಾರೆ.
ದೊಡ್ಡವ್ವ ಬೆರಳು ಮಡಚಿ ಅದನ್ನು ಎರಡು ಸಲ ಬಡಿದಳು,
ಒಳಗೆ ಯಾರಾದರೂ ಇದ್ದಾರೇನೋ ಎಂಬಂತೆ.

ಹೌಜಿನ ಬಳಿ ಎಳೆಯ ಅಂಜೂರ, ಸುತ್ತ ತಂತಿಬೇಲಿ.
'ಮೂಲ ಗಿಡ ಒಣಗಿ ನಲವತ್ತು ವರ್ಷ,' ಗೈಡು ದನಿ ತಗ್ಗಿಸಿದ,
'ಇದನ್ನ ಮೈಲೂರಿನ ಒಂದು ನರ್ಸರಿಯಿಂದ ತಂದಾರ.
ಬೋರ್ಡಿನಾಗ ಬರೆದಿಲ್ಲ.'
ದೊಡ್ಡವ್ವ ಬೇಲಿಯೊಳಗೆ ಕೈ ತೂರಿಸಿ
ಎಲೆ ತಿರುವಿದಳು, ಅದರ ಒರಟು ಬೆನ್ನು ಸವರಿದಳು.
'ಖಾಜಾಬಿ ಮನೀದು,' ಅಂದಳು.
'ಆಕಿ ಸೊಸಿ ಮಾರ್ತಾಳ. ತುಟ್ಟಿ ಮಾರ್ತಾಳ.'

ಆಮೇಲೆ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿದೆವು.
ಫಯಾಜುದ್ದೀನನಿಗೂ ಒಂದು, ಶೇಂಗಾ ಹಿಂಡಿ ಮೇಲೆ.
ಗಾಳಿ ಎದ್ದಿತ್ತು.
ನಕ್ಷೆ ಹಾರದಂತೆ
ಅದರ ಮೇಲೆ ನಮ್ಮ ಡಬ್ಬಿ.