ಪಕ್ಕದ ಮನೆ

ನನಗಾಗ ಹದಿನಾಲ್ಕು. ಸುಬೋತಿತ್ಸದ ರೈಲ್ವೆ ನೌಕರರ ಸಭಾಂಗಣ.
ಅವರು ಕೆಳಗೆ ಮೇಜಿನ ಮೇಲೆ ನಡೆಸಿದ ಕಾಯಿಯನ್ನು
ನಾನು ಉದ್ದ ಕೋಲಿನಿಂದ
ಗೋಡೆಯ ಆಳೆತ್ತರದ ಹಲಗೆಯಲ್ಲಿ ನಡೆಸಬೇಕು.
ದಿನಕ್ಕೆ ಎರಡು ದಿನಾರು, ಒಂದು ಬನ್ನು.
ರಟ್ಟಿನ ಕುದುರೆ ಕೊಕ್ಕೆಯಿಂದ ಜಾರಿ ಬಿದ್ದರೆ
ಮುನ್ನೂರು ಜನ ಒಟ್ಟಿಗೆ ಛೇ ಎನ್ನುತ್ತಿದ್ದರು.

ಮುಖ ನೋಡಲು ಪುರುಸೊತ್ತಿರಲಿಲ್ಲ. ಕೈಗಳು ಗೊತ್ತು.
ಯೋವಾನ್ ಗ್ರುಬಾಚ್: ಕಾಯಿ ಇಟ್ಟ ಮೇಲೂ
ಬೆರಳು ತೆಗೆಯಲು ಮನಸ್ಸಿಲ್ಲ,
ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟವನ ಹಾಗೆ.
ಎದೆನ್ ವೆರ್ಮೆಶ್: ತಿರುಪುಮೊಳೆಯಂತೆ ಬಿಗಿದು ಇಡುವವನು.
ಲೆನಿನ್‌ಗ್ರಾದಿನಿಂದ ಬಂದ ಜೆಲೆನಿನ್,
ಕೊಂದ ಕಾಯನ್ನು ಮೆಲ್ಲಗೆ ಮಲಗಿಸುತ್ತಿದ್ದ, ಎಚ್ಚರವಾದೀತೆಂಬಂತೆ.
ಏಳನೆಯ ಮೇಜಿನಲ್ಲಿ ಯೆಲಿಸಾವೆತಾ ಮಾಂದಿಚ್, ಒಬ್ಬಳೇ ಹೆಂಗಸು,
ಉಗುರಿಗೆ ಕೆಂಪು ಬಣ್ಣ; ಆ ಕೈ ನಡುಗಿದ್ದು ಕಾಣೆ.

ಪೇಪರಿನಲ್ಲಿ ದಿನಾ ಅವರ ಹೆಸರು. ಕ್ಷೌರದಂಗಡಿಯಲ್ಲಿ ಅವರದೇ ಜಗಳ.
ಆಮೇಲೆ?

ಆಮೇಲೆ ನನ್ನ ಮದುವೆಯಾಯಿತು, ಹಲ್ಲಿನ ಡಾಕ್ಟರ ಹತ್ತಿರ ಲೆಕ್ಕ ಬರೆದೆ.
ದೇಶ ಹೋಯಿತು. ನಾವು ಕೂತಲ್ಲೇ ಕೂತಿದ್ದೆವು, ಅದು ಹೋಯಿತು.
ಹಳೆಯ ಪಟ್ಟಿಗಳಲ್ಲಿ ಅವರ ಹೆಸರಿನ ಮುಂದೆ
ಈಗ ಎಲ್ಲೂ ಬಾವುಟವಿಲ್ಲದ ಮೂರಕ್ಷರ.

ಗ್ರುಬಾಚ್‌ನನ್ನು ಸಂತೆಯಲ್ಲಿ ಕಂಡೆ, ಕಂಡೆ ಅಂದುಕೊಂಡೆ.
ಮೆಣಸಿನಕಾಯಿ ಆರಿಸುತ್ತಿದ್ದ. ಆರಿಸಿಟ್ಟದ್ದರ ಮೇಲೆ ಬೆರಳು ಹಾಗೇ ಇತ್ತು.
"ನೀವು..." ಎಂದೆ.
"ಅಲ್ಲ" ಎಂದ, ನಾನು ಹೆಸರು ಹೇಳುವ ಮೊದಲೇ.
ವೆರ್ಮೆಶ್ ಈಗ ಯಾವುದೋ ಪುಸ್ತಕದ ಅಡಿಟಿಪ್ಪಣಿ:
ಹದಿಮೂರನೆಯ ನಡೆ, ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ.
ಮಾಂದಿಚ್ ಮೆಲ್ಬರ್ನಿನಲ್ಲಿ ನಾಯಿ ಸಾಕಿಕೊಂಡಿದ್ದಾಳೆ ಎಂದು ಒಬ್ಬರು,
ಇಲ್ಲೇ ನೋವಿ ಸಾದಿನಲ್ಲಿ ತೀರಿಹೋದಳು ಎಂದು ಇನ್ನೊಬ್ಬರು.
ನಾನು ನಾಯಿಯ ಕಡೆ.

ಜೆಲೆನಿನ್ ಮಾತ್ರ ನನ್ನ ಸಕ್ಕರೆ ಡಬ್ಬಿಯಲ್ಲಿದ್ದ.
ಆಟ ನಿಂತ ರಾತ್ರಿ, ಮರುದಿನದ ತನ್ನ ನಡೆಯನ್ನು ಚೀಟಿಯಲ್ಲಿ ಬರೆದು
ಲಕೋಟೆಗೆ ಅಂಟು ಹಾಕಿ ತೀರ್ಪುಗಾರನಿಗೆ ಕೊಟ್ಟಿದ್ದ.
ಬೆಳಿಗ್ಗೆ ಎದುರಾಳಿ ಹೋಟೆಲಿನಿಂದಲೇ ಸೋಲೊಪ್ಪಿ ಫೋನು ಮಾಡಿದ.
ಒಡೆಯದ ಲಕೋಟೆ ಕಸದ ಬುಟ್ಟಿಗೆ,
ಬುಟ್ಟಿಯಿಂದ ನನ್ನ ಲಂಗದ ಜೇಬಿಗೆ.
ಇಪ್ಪತ್ತೆರಡು ವರ್ಷ ಕಾಪಾಡಿದೆ. ಮಂತ್ರಿಯನ್ನೇ ಬಲಿ ಕೊಟ್ಟಿದ್ದನೋ,
ಯಾರೂ ಕನಸಲ್ಲೂ ಕಾಣದ್ದೇನು ಬರೆದಿದ್ದನೋ.

ತೊಂಬತ್ತಮೂರರ ಚಳಿಗಾಲ. ಒಂದು ಬ್ರೆಡ್ಡಿಗೆ ಕೋಟಿ ಕೋಟಿ ದಿನಾರು.
ಕರೆಂಟಿಲ್ಲ. ಡಬ್ಬಿಯಲ್ಲಿ ಸಕ್ಕರೆ ಮುಗಿದು ಅದೊಂದೇ ಉಳಿದಿತ್ತು.
ಮೇಣದ ಬೆಳಕಿನಲ್ಲಿ ಒಡೆದೆ.

ರಾಜ. ಒಂದು ಮನೆ ಪಕ್ಕಕ್ಕೆ.

ಇಷ್ಟೇ. ನಿನ್ನೆ ಮೊನ್ನೆ ಕಲಿತವನೂ ನಡೆಸುವ ನಡೆ.
ಸಿಟ್ಟು ಬಂತು, ಆಮೇಲೆ ನಗು.
ಗೋಡೆಯಾಚೆಯ ಬಾಲಿಂಟ್ ದಂಪತಿ ಅಕ್ಟೋಬರಿನಲ್ಲೇ
ಗಡಿ ದಾಟಿ ಹೋಗಿದ್ದರು, ಬೀಗ ಕೂಡ ಹಾಕದೆ.
ನಾನು ಎದ್ದು ನಿಂತು, ಕೋಲಿಲ್ಲದ ಕೈಯನ್ನೇ ಎತ್ತಿ
ಆ ಗೋಡೆಯ ಕತ್ತಲಲ್ಲಿ ಅವನ ರಾಜನನ್ನು ಸರಿಸಿದೆ.

ಪಕ್ಕದ ಮನೆ ಖಾಲಿಯಿತ್ತು.
ನಿಯಮದ ಪ್ರಕಾರ ಹೋಗಬಹುದಿತ್ತು.