ಬಿದ್ದದ್ದು ಎರಡು

ಭಾಂಡುಪಿನ ಹಿಟ್ಟಿನ ಗಿರಣಿಯ ಮೇಲೆ
ಹತ್ತಡಿ ಹನ್ನೆರಡಡಿಯ ಕೋಣೆ.
ಶನಿವಾರ ರಾತ್ರಿ ಅಲ್ಲಿ ನಾನೇ ಮಳೆ, ನಾನೇ ಸುಂಕದವ,
ನಾನೇ ಸೇತುವೆ ಕೆಳಗೆ ಹಸಿದು ಮಲಗಿದ ಮೊಸಳೆ.
ಮದುವೆ ಕಾಗದಗಳ ರಟ್ಟು ಅಂಟಿಸಿ ಮಾಡಿದ ಮರೆ
ನನಗೂ ಅವರಿಗೂ ನಡುವೆ;
ಅದರ ಈಚೆ, ನಾನು ಬರೆದಿಟ್ಟುಕೊಂಡ ನಾಳೆ.

ಒಂಬತ್ತೂವರೆಗೆ ಗಿರಣಿ ನಿಲ್ಲುವ ತನಕ
ದಾಳ ಎಸೆಯುವಂತಿಲ್ಲ.
ಮೇಜು ನಡುಗಿ, ಹದಿನೇಳು ಬಿದ್ದದ್ದು
ಕಣ್ಣೆದುರೇ ಮಗುಚಿ ನಾಲ್ಕಾಗುತ್ತದೆ.
ಆಮೇಲೆ ಯಾರ ಹಣೆಬರಹಕ್ಕೆ ಯಾರು ಹೊಣೆ
ಎಂದು ಅರ್ಧ ಗಂಟೆ ಜಗಳ.
ನಕ್ಷೆಯ ಮೇಲೆ ಜೋಳದ ಹಿಟ್ಟು.

ತೇಜಪಾಲ ಸಹಕಾರಿ ಬ್ಯಾಂಕಿನ ಗುಮಾಸ್ತ,
ಇಲ್ಲಿ ಬೀಗ ಮುರಿಯುವ ಕಳ್ಳ.
ಮಿಲಿಂದ ಘಾಗ್, ಕುರ್ಲಾದಲ್ಲಿ ಹಳಿ ತಪಾಸಣೆ,
ಕನ್ನಡ ತಾಯಿ ಕಡೆಯದು, ಸೊಲ್ಲಾಪುರದ್ದು;
ಇಲ್ಲಿ ಕುಡುಕ ಸನ್ಯಾಸಿ.
ಫ್ಲೋರಿನ್ ಡಯಾಲಿಸಿಸ್ ಕೇಂದ್ರದಿಂದ ನೇರ ಬರುತ್ತಾಳೆ,
ಕೈ ತೊಳೆದು, ಮತ್ತೊಮ್ಮೆ ತೊಳೆದು
ಬಿಲ್ಲು ಹಿಡಿಯುತ್ತಾಳೆ.
ಅವಳ ಬಿಲ್ಲುಗಾರ್ತಿಯ ಹೆಸರು ಕೆಂಚಿ.

ಮೂರು ವಾರ ಕೂತು ಒಂದು ಕೋಟೆ ಕಟ್ಟಿದ್ದೆ.
ಬುರುಜು, ಸುರಂಗ, ಏಳನೇ ಬಾಗಿಲ ಹಿಂದೆ
ಕನ್ನಡಿಯಷ್ಟು ತಣ್ಣಗಿನ ರಾಣಿ;
ಅವಳಾಡುವ ಮಾತೆಲ್ಲ
ಲೋಕಲಿನಲ್ಲಿ ನಿಂತೇ ಬರೆದದ್ದು.
ಇವರು ದೋಣಿ ಹತ್ತಿ
ಅಂಬಿಗನ ಹೆಸರೇನು ಎಂದು ಕೇಳಿದರು.
ಅಂಬಿಗನಿಗೆ ನಾನು ಹೆಸರಿಟ್ಟಿರಲಿಲ್ಲ.
ದೂಮ, ಅಂದೆ, ನಾಲಿಗೆಗೆ ಸಿಕ್ಕಿದ್ದು.
ಹೆಂಡತಿ ಇದ್ದಾಳಾ? ಮೀನು ಬೀಳುತ್ತಾ? ಸಾಲ ಎಷ್ಟು?
ತೇಜಪಾಲ ಬಡ್ಡಿ ದರವನ್ನೂ ಕೇಳಿದ.
ರಾತ್ರಿಯೆಲ್ಲ ನದಿಯ ಮೇಲೇ ಕಳೆಯಿತು,
ಕೋಟೆಯ ಕಡೆ ಯಾರೂ ತಿರುಗಲಿಲ್ಲ.

ಮರುವಾರ ಜಾಣನಾದೆ.
ಎಡಕ್ಕೆ ಹೋದರೂ ಕೋಟೆ, ಬಲಕ್ಕೆ ಹೋದರೂ ಅದೇ ಕೋಟೆ,
ಬಾಗಿಲ ಬಣ್ಣ ಮಾತ್ರ ಬೇರೆ.
ಮಿಲಿಂದ ಚಹಾದ ಗ್ಲಾಸು ಕೆಳಗಿಟ್ಟ:
"ಪ್ಲಾಟ್‌ಫಾರ್ಮು ಎರಡು, ಗಾಡಿ ಒಂದೇ.
ಹಗಲೆಲ್ಲ ಹಳಿ ಮೇಲೆ ನಡೆಯುವವನು ನಾನು, ಭಾವು.
ತಟ್ಟಿದರೆ ಗೊತ್ತಾಗುತ್ತೆ ಕಬ್ಬಿಣ."
ಅವರು ಚಾಪೆ ಕೆಳಗೆ ತೂರಿದರೆ
ನಾನು ರಂಗೋಲಿ ಕೆಳಗೆ ತೂರಿದ್ದೆ.
ಸಿಕ್ಕಿಬಿದ್ದ ಮೇಲೂ, ಮೂಗಿಗೆ ಹತ್ತಿದ್ದು
ಗಿರಣಿಯ ಹಿಟ್ಟು ಎಂದೆ.

ನಿನ್ನೆ, ಕೊನೆಗೂ, ಏಳನೇ ಬಾಗಿಲು.
ಉಳಿದವರನ್ನು ದಾಟಿಸಿ
ತೂಗುಸೇತುವೆಯ ಹಗ್ಗ ಕೊಯ್ಯಲು ಕೆಂಚಿ ನಿಂತಳು.
ಬೇಡ ಅಂದೆ, ರಾಣಿಯ ಬಾಯಲ್ಲಿ.
ಬೇಡ ಅಂದೆ, ಗಾಳಿಯ ಬಾಯಲ್ಲಿ.
"ಕೊಯ್ಯುತ್ತೇನೆ."
ದಾಳ ನಾನೇ ಎಸೆದೆ, ಮರೆಯ ಈಚೆ.
ಬಿದ್ದದ್ದು ಎರಡು.
"ಹದಿನಾರು," ಅಂದೆ. "ಬೇರೊಂದು ಕೈಗೆ ಸಿಕ್ಕಿತು. ಬದುಕಿದಳು."

ಅವಳು ಎದ್ದು ಬಂದು ಮರೆಯ ಮೇಲಿಂದ ಬಗ್ಗಿ ನೋಡಿದಳು,
ಯಂತ್ರದ ಅಂಕಿ ಓದುವವರ ಹಾಗೆ, ಅವಸರವಿಲ್ಲದೆ.
"ಎರಡು.
ಇವತ್ತು ಪರವಾಗಿಲ್ಲ ಕಾಕಾ, ಮುಂದಿನ ವಾರ ಇನ್ನೂ ಚೆನ್ನಾಗಿರುತ್ತೆ,
ಅಂತ ದಿನವಿಡೀ ಅಲ್ಲಿ ಹೇಳುವವಳು ನಾನು.
ಇಲ್ಲೂ ಅದನ್ನೇ ಕೇಳಬೇಕಾ?
ಹಗ್ಗ ಕೊಯ್ದದ್ದು ನಾನು.
ಬೀಳುವುದೂ ನನ್ನದೇ."

ಕೆಳಗೆ ಯಾರೋ ಶಟರು ಎಳೆದರು.
ಹದಿನಾರು ಹೊಡೆದು ಎರಡು ಎಂದು ಬರೆದೆ.
ಕೆಂಚಿ ಬಿದ್ದಳು. ಬೀಳುತ್ತಾ ಏನು ಕಂಡಳೆಂದು
ಫ್ಲೋರಿನ್ನೇ ಹೇಳಿದಳು:
ಬಂಡೆಯ ಸಂದಿಯಲ್ಲಿ ಗಿಣಿಗೂಡು, ಕೆಳಗೆ ದೂಮನ ದೋಣಿ,
ಅವನ ಬಲೆಯಲ್ಲಿ ಬೆಳ್ಳಗೆ ಏನೋ.
ಆ ನದಿಯಲ್ಲಿ ಅಷ್ಟು ಮೀನಿದೆ ಅಂತ
ನನಗೇ ಗೊತ್ತಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ತೇಜಪಾಲ, ಕಳ್ಳನ ದನಿಯಲ್ಲಿ:
"ಬಿಲ್ಲು ಮೇಲೇ ಉಳಿಯಿತಾ?"
ಗೊತ್ತಿಲ್ಲ ಅಂದೆ.
ದಾಳವನ್ನು ಮರೆಯ ಆಚೆಗೆ ತಳ್ಳಿದೆ.