ಬಾಬಿನ್ ಅಳತಿ

ಮಳಿಗೆ ಇನ್ನೂ ಹನ್ನೊಂದು ದಿನ ಐತಿ ಅಂತ ಪೇಪರಿನಾಗ.
ನಾನು ಅಂಗಳದಾಗ ಮಂಡಿ ಊರಿ
ಡಬ್ಬಿಯ ಎಡಗಡೆ ಅಂಚಿಗೆ ಕಿವಿ ಹಚ್ಚೀನಿ.
ಬೆರಳಿಲೆ ಬಡದರ
ಟಕ್ ಅನಬೇಕಾದ ಪ್ಲೈವುಡ್
ನೆನದ ಅವಲಕ್ಕಿ ಹಂಗ ಸುಮ್ಮನ.

ಡಬ್ಬಿ ಅಂದ್ರ ನಮ್ಮ ಗಾಡಿ.
ಓಮ್ನಿ ಹಿಂದ ಕೊಂಡಿ ಹಾಕಿ ಎಳಕೊಂಡು ಹೋಗೋದು.
ಎರಡು ಗಾಲಿ, ಒಂದು ಕಿಡಕಿ, ಇಬ್ಬರಿಗೆ ಹಾಸಿಗಿ,
ಹಿಂದಿನ ಬಾಗಲಾ ಎತ್ತಿದರ ಸ್ಟೋ.
ಮಾಗಡಿ ಕೆರಿ ದಂಡಿಮ್ಯಾಲ ಬಾತುಗಳ ಗದ್ದಲಕ್ಕ
ಒಂದು ರಾತ್ರಿ ನಿದ್ದಿಗೆಟ್ಟೀವಿ ಇದರಾಗ.
ಮುಂಜಾನೆ ಒಬ್ಬಾಂವ ಬಂದು, ಕಿಡಕಿ ಬಡದು,
"ಗಿರ್ಮಿಟ್ ಎಷ್ಟರಿ ಪ್ಲೇಟಿಗೆ?" ಅಂದಿದ್ದ.

ರೈಲ್ವೆ ವರ್ಕ್‌ಶಾಪಿನಾಗ ಮೂವತ್ತೊಂದು ವರ್ಷ
ಬೋಗಿಗಳ ಕಟಗಿ ಕೆಲಸ ಮಾಡಿದಾಂವ ನಾನು.
ಮೂಲಿಮಟ್ಟ ಹಿಡದರ ನಡುವ ಬೆಳಕು ತೂರಬಾರದು.
ಹಂಗ ಮಾಡಿದ್ದೆ, ಬ್ಲೇಡಿನಂಥಾ ಅಂಚು.
ಮ್ಯಾಲ ಗಾಜಿನ ಬಟ್ಟಿ, ರಾಳ, ಬಿಳಿ ಬಣ್ಣ.
ಗದಗ ರೋಡಿನ ಮಂದಿ ನಿಂತು ನೋಡ್ತಿದ್ರು.
ಮೂರು ಮಳಿಗಾಲ ತಡೀತು.
ಆಮ್ಯಾಲ ಕೂದಲೆಳಿಯಷ್ಟು ಬಿರುಕು,
ಆ ಕೂದಲೆಳಿ ಹಿಡಕೊಂಡು ನೀರು ಒಳಗ ಇಳೀತು.

ದಾವಲಸಾಬನ್ನ ಕರಕೊಂಡು ಬಂದೆ.
ಉಣಕಲ್ ಕೆರಿಯಾಗ ಪೆಡಲ್ ತುಳಿಯೋ ಹಂಸ ಅದಾವಲ್ಲ,
ಕುತ್ತಿಗಿ ಮುರದರ ಜೋಡಸಾಂವ ಅಂವನ.
ಡಬ್ಬಿಗೆ ಒಂದು ಸುತ್ತು ಹಾಕಿದ,
ಗಟಾರದ ತನಕ ಹೋಗಿ ಎಲಿ ಉಗುಳಿ ಬಂದ.
"ಕಾಕಾ, ಗಾಜಿನ ಬಟ್ಟಿ ಚೂಪ ಮೂಲಿಗೆ ಅಂಟಂಗಿಲ್ಲ.
ಅಂಟಿದಂಗ ಮಾಡತೈತಿ ಅಷ್ಟ.
ಒಳಗ ಗಾಳಿ ಹಿಡಕೊಂಡು ಕುಂತಿರತೈತಿ.
ಹಂಸಕ್ಕ ಎಲ್ಲೆರ ಮೂಲಿ ನೋಡೀರೇನು?"

ಗ್ರೈಂಡರ್ ಹಚ್ಚಿದೆ. ಬಿಳಿ ಧೂಳು, ಮೂಗಿಗೆ ಟವೆಲ್.
ಹಳೀ ಪದರು ಒಣಗಿದ ಹಕ್ಕಳಿ ಹಂಗ ಎದ್ದು ಬಂತು.
ಕೆಳಗ ಕಟಗಿ ಕರ್ರಗ, ಹಸಿ ವಾಸನಿ.
ಮೂರು ದಿನ ಬಿಸಲಿಗೆ ತೆರದಿಟ್ಟೆ.
ಒಣಗಿ ಬಣ್ಣ ತಿಳಿಯಾದಂಗ
ಒಂದು ಪೆನ್ಸಿಲ್ ಗೀಟು ಕಂಡಿತು.
ಮೂಲಿಯೊಳಗ ಸಣ್ಣದೊಂದು ಕಾಲು ಚಂದ್ರ,
ಅದರ ಬಾಜೂಕ ದುಂಡನ ಅಕ್ಷರ:
ಇಲ್ಲಿ ತಿರುವು ಕೊಡ್ರಿ.

ಕಸ್ತೂರಿ ಬರದದ್ದು.
ಬಾಬಿನ್ ಇಟ್ಟು ಸುತ್ತ ಗೀಟು ಎಳದಿದ್ದಳು ಅವತ್ತು.
"ಇದು ಜಂಪರಲ್ಲ," ಅಂದಿದ್ದೆ ನಾನು,
ಅದರ ಮ್ಯಾಲ ರಾಳ ಎಳದಿದ್ದೆ.

ಪಡಸಾಲಿಯಾಗ ಆಕಿ ಮಶಿನ್ ನಡದಿತ್ತು,
ಯಾರದೋ ಸೀರಿಗೆ ಫಾಲ್ಸ್.
ನಾ ಬಾಗಲದಾಗ ನಿಂತೆ.
"ಒಂದು ಬಾಬಿನ್ ಕೊಡ."
ಮಶಿನ್ ನಿಂತಿತು.
ಯಾಕಂತ ಕೇಳಲಿಲ್ಲ.
ದಾರ ಬಿಚ್ಚಿ, ಸೆರಗಿಲೆ ಒರಸಿ, ಅಂಗೈಯಾಗ ಇಟ್ಟಳು.
ಮಶಿನ್ ಮತ್ತ ಸುರುವಾತು,
ಮೊದಲಿನಕಿಂತ ಜೋರ.

ಗೀಸುಳಿ ಹಿಡದು ತಿಕ್ಕಿದೆ, ಮರಳಕಾಗದ ಹಿಡದು ತಿಕ್ಕಿದೆ.
ಮೂವತ್ತೊಂದು ವರ್ಷದ ಕೈ
ದುಂಡಗ ತಿಕ್ಕಾಕ ನಾಚತಿತ್ತು.
ಬಾಬಿನ್ ಇಟ್ಟು ನೋಡಿದೆ, ಇನ್ನೊಂದಿಷ್ಟು.
ಇಟ್ಟು ನೋಡಿದೆ, ಕುಂತಿತು.

"ಬಿಸಲು ಭಾಳ ಐತಿ, ಹನಿ ಕಡಿಮಿ ಹಾಕ್ರಿ," ಅಂದ ದಾವಲ.
ಬಿಳಿ ಬಟ್ಟಿ ಹಾಸಿ ಬ್ರಶ್ಶಿಲೆ ರಾಳ ಕುಡಿಸಿದರ
ಚಹಾದಾಗಿನ ಸಕ್ಕರಿ ಹಂಗ
ಬಟ್ಟಿ ಕಣ್ಣೆದುರೇ ಮಾಯ ಆತು.
ಕಾಲು ಚಂದ್ರ ತಿರುವಿನಾಗ ಹೋಗಿತ್ತು, ಅಕ್ಷರ ಉಳದಿದ್ದವು.
ನೀರಿನಡಿಯಿಂದ ನೋಡಿದಂಗ ನನ್ನ ನೋಡಿದವು.

ಅಲ್ಲೊಂದು ಗೇಣು ಬಣ್ಣ ಬ್ಯಾಡ ಅಂದೆ.
"ಬಿಸಲಿಗೆ ಹಳದಿ ಆಗತೈತಿ ಕಾಕಾ."
"ಆಗಲಿ ಬಿಡೋ."

ಸಂಜಿಗೆ ಮೈಯೆಲ್ಲಾ ತುರಿಕಿ.
ಗಾಜಿನ ಮುಳ್ಳು ಕಣ್ಣಿಗೆ ಕಾಣಂಗಿಲ್ಲ, ಚರ್ಮಕ್ಕ ಗೊತ್ತು.
ಕಸ್ತೂರಿ ಜೋಳದ ಹಿಟ್ಟು ನಾದಿ ಉಂಡಿ ಮಾಡಿ
ನನ್ನ ತೋಳಿನ ಮ್ಯಾಲ ಉಳ್ಳಾಡಸಿದಳು,
ಮೊಣಕೈ ಹತ್ರ ನಿಂತು, ಬಾಗಿ ನೋಡಿದಳು.
"ಕಾಲರಿಗೆ ಸೈತ ತುದಿ ಮಡಿಸೂ ಮುಂದ
ಒಂದೀಟು ಕತ್ತರಸ್ತೀನ್ರಿ ನಾನು."
ಇಷ್ಟ ಅಂದದ್ದು.

ಅಂಗಳದಾಗ ಉಳದ ರಾಳ
ತಗಡಿನ ಡಬರಿಯಾಗ ತಾನ ಬಿಸಿಯಾಗಿ ಕಲ್ಲಾಗಿತ್ತು.
ನಟ್ಟನಡುವ ನನ್ನ ಬ್ರಶ್ಶು,
ಹಿಡಿಕಿ ಮ್ಯಾಲ ಮಾಡಿ, ನೆಟ್ಟಗ.